ತಂತಿ ಕಡಿದರೂ ಅಪ್‌ಡೇಟ್ ಮುಗಿಯಬೇಕು

ನಮ್ಮ ಮನೆ ನಾಪೋಕ್ಲಿನಿಂದ ಕಕ್ಕಬ್ಬೆ ಕಡೆಗೆ ಹೋಗುವ ದಾರಿಯಲ್ಲಿದೆ. ರಸ್ತೆಯಿಂದ ಮುಕ್ಕಾಲು ಕಿಲೋಮೀಟರ್ ಒಳಗೆ, ತೋಟದ ನಡುವೆ. ಫೈಬರ್ ತಂತಿ ರಸ್ತೆಬದಿಯ ಕಂಬದಿಂದ ಹೊರಟು ಸಿಲ್ವರ್ ಓಕ್ ಮರಗಳನ್ನು ಹಿಡಿದುಕೊಂಡು ಮನೆ ತಲುಪುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಆ ಮರಗಳಲ್ಲಿ ಯಾವುದಾದರೊಂದು ಕೊಂಬೆ ಇಳಿಸಿಯೇ ಇಳಿಸುತ್ತದೆ. ಕೊಂಬೆ ಬೀಳದ ದಿನ ಕರೆಂಟ್ ಹೋಗುತ್ತದೆ. ಕರೆಂಟ್ ಇದ್ದರೆ ಸಿಡಿಲಿಗೆ ಹೆದರಿ ನಾವೇ ಪ್ಲಗ್ ಕಿತ್ತಿಡುತ್ತೇವೆ. ಇಲ್ಲಿ ಕುಳಿತು ನಾನು ಮೈಸೂರು, ಬೆಂಗಳೂರಿನ ಏಳು ಲಿನಕ್ಸ್ ಸರ್ವರ್‌ಗಳನ್ನೂ ಊರಿನ ಸುತ್ತಮುತ್ತಲ ಒಂದಷ್ಟು ಕಂಪ್ಯೂಟರ್‌ಗಳನ್ನೂ ನೋಡಿಕೊಳ್ಳುತ್ತೇನೆ. ಅವುಗಳಿಗೆ ಅಪ್‌ಡೇಟ್ ಹಾಕುವುದು ನನ್ನ ಕೆಲಸದ ಅರ್ಧ ಭಾಗ. ಮಳೆಗಾಲ ಮುಗಿಯಲಿ ಎಂದು ಕಾಯುವಂತಿಲ್ಲ, ಭದ್ರತಾ ದೋಷಗಳು ಹುತ್ತರಿ ಹಬ್ಬದವರೆಗೆ ತಡೆದುಕೊಳ್ಳುವುದಿಲ್ಲ.

ಕಮಾಂಡ್‌ಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಕೀಲಿಮಣೆಯಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹೊಡೆಯಬೇಕು. ಎಲ್ಲವೂ ಉಬುಂಟು ಮತ್ತು ಡೆಬಿಯನ್ ಎಂಬ ಲಿನಕ್ಸ್ ಬಗೆಗಳಿಗೆ ಸೇರಿದವು, ಏಕೆಂದರೆ ನನ್ನ ಕೈಗೆ ಬಂದಿರುವ ಯಂತ್ರಗಳೆಲ್ಲ ಅವೇ.

ಕೆಲವು ವರ್ಷಗಳ ಹಿಂದೆ, ಮಳೆ ಜೋರಾಗಿರುವ ಕಕ್ಕಡ ತಿಂಗಳ ಒಂದು ರಾತ್ರಿ, ಮೈಸೂರಿನ ಲೆಕ್ಕಪತ್ರದ ಕಚೇರಿಯೊಂದರ ಸರ್ವರ್ ಮುಂದೆ, ಅಂದರೆ ಅದಕ್ಕೆ ಕಮಾಂಡ್ ಹೊಡೆಯುವ ಟರ್ಮಿನಲ್ ಕಿಟಕಿಯ ಮುಂದೆ, ಕುಳಿತಿದ್ದೆ. ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಮೂಲಕ ಒಳಹೋಗಿ ನೇರವಾಗಿ ‘ಎಪಿಟಿ ಅಪ್‌ಗ್ರೇಡ್’ ಎಂದು ಹೊಡೆದೆ. ಎಪಿಟಿ ಎಂದರೆ ಪ್ಯಾಕೇಜ್‌ಗಳನ್ನು, ಅಂದರೆ ತಂತ್ರಾಂಶದ ಕಟ್ಟುಗಳನ್ನು, ಇಳಿಸಿ ಹಾಕುವ ಕಮಾಂಡ್. ಇನ್ನೂರಕ್ಕೂ ಹೆಚ್ಚು ಪ್ಯಾಕೇಜ್‌ಗಳಿದ್ದವು. ಅರ್ಧ ದಾಟಿದ ಮೇಲೆ ಪರದೆಯ ಮೇಲೆ ಅಕ್ಷರಗಳು ನಿಂತವು. ರೂಟರ್‌ನಲ್ಲಿ ಕೆಂಪು ದೀಪ. ಇಪ್ಪತ್ತು ನಿಮಿಷ ಕಾದು, ಮೊಬೈಲ್ ಹಿಡಿದುಕೊಂಡು ಸಿಗ್ನಲ್ ಸಿಗುವ ಅಟ್ಟದ ಕಿಟಕಿಗೆ ಹೋಗಿ, ಹಾಟ್‌ಸ್ಪಾಟ್ ಹಾಕಿ ಮತ್ತೆ ಒಳಹೊಕ್ಕೆ. ಎಪಿಟಿ ಬೀಗ ಹಾಕಿಕೊಂಡು ಕುಳಿತಿತ್ತು. ಬೇರೆ ಯಾರೋ ಕೆಲಸ ಮಾಡುತ್ತಿದ್ದಾರೆ, ಕಾಯಿರಿ ಎನ್ನುತ್ತಿತ್ತು. ಆ ಬೇರೆ ಯಾರೋ ನಾನೇ, ಇಪ್ಪತ್ತು ನಿಮಿಷದ ಹಿಂದಿನವಳು.

ಸಂಪರ್ಕ ಕಡಿದಾಗ ಆ ಟರ್ಮಿನಲ್‌ನಲ್ಲಿ ಓಡುತ್ತಿದ್ದ ಕೆಲಸಗಳಿಗೆ ಲಿನಕ್ಸ್ ‘ಹ್ಯಾಂಗಪ್’ ಎಂಬ ಸಂಕೇತ ಕಳಿಸುತ್ತದೆ. ಬಹಳಷ್ಟು ಪ್ರೋಗ್ರಾಂಗಳು ಅದು ಬಂದೊಡನೆ ಸಾಯುತ್ತವೆ. ಪ್ಯಾಕೇಜ್ ಹಾಕುತ್ತಿರುವ ಎಪಿಟಿ ಮಾತ್ರ ಅದನ್ನು ಕಿವಿಗೆ ಹಾಕಿಕೊಳ್ಳದೆ ಮುಂದುವರಿಯುತ್ತದೆ. ಇದು ಒಳ್ಳೆಯದೇ, ಯಾವುದಾದರೂ ಪ್ಯಾಕೇಜ್ ನಡುವೆ ಪ್ರಶ್ನೆ ಕೇಳುವ ತನಕ. ‘ಈ ಸೆಟ್ಟಿಂಗ್ ಫೈಲನ್ನು ನೀವು ತಿದ್ದಿದ್ದೀರಿ, ನಿಮ್ಮದನ್ನೇ ಉಳಿಸಲೇ, ಹೊಸದನ್ನು ಹಾಕಲೇ’ ಎಂದು ಅದು ಕೇಳುತ್ತದೆ. ಕೇಳಿದ ಪರದೆ ಕಡಿದ ತಂತಿಯೊಂದಿಗೆ ಹೋಗಿಬಿಟ್ಟಿದೆ, ಉತ್ತರ ಕೊಡಲು ಯಾರೂ ಇಲ್ಲ. ಬೆಳಗಾಗುವವರೆಗೂ ಅದು ಹಾಗೆಯೇ ಕಾಯುತ್ತದೆ. ಇದು ನನಗೆ ಆಗ ತಿಳಿದಿರಲಿಲ್ಲ. ತಾಳ್ಮೆಗೆಟ್ಟು ಆ ಪ್ರೊಸೆಸ್ಸನ್ನು ಕೊಂದು, ಸರ್ವರನ್ನು ರೀಬೂಟ್ ಮಾಡಿದೆ. ಯಂತ್ರ ಎದ್ದಿತಂತೆ, ಆದರೆ ನೆಟ್‌ವರ್ಕ್ ಇಲ್ಲದೆ. ನೆಟ್‌ವರ್ಕ್ ನೋಡಿಕೊಳ್ಳುವ ಪ್ಯಾಕೇಜ್‌ಗಳು ಬಿಚ್ಚಿಕೊಂಡಿದ್ದವು, ಹೊಂದಿಕೊಂಡಿರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಹೊರಟೆ. ಮಡಿಕೇರಿ, ಕುಶಾಲನಗರ, ಹುಣಸೂರು, ಮೈಸೂರು. ಮಡಿಕೇರಿಯಿಂದಲೇ ಸುಮಾರು 120 ಕಿಲೋಮೀಟರ್. ಒದ್ದೆ ಕೊಡೆಯನ್ನು ಸರ್ವರ್ ಪಕ್ಕ ಇಡಲು ಹೋದಾಗ ಅಲ್ಲಿನ ಅಟೆಂಡರ್ “ಅಲ್ಲಿ ಬೇಡ ಮೇಡಂ, ಹೊರಗಿಡಿ” ಎಂದರು. ನಾನು ಅಷ್ಟು ದೂರ ಹೋಗಿ ಹೊಡೆದದ್ದು ಒಂದೇ ಸಾಲು: ‘ಡಿಪಿಕೆಜಿ ಹೈಫನ್ ಹೈಫನ್ ಕಾನ್ಫಿಗರ್ ಹೈಫನ್ ಎ’. ಅರ್ಧಕ್ಕೆ ನಿಂತ ಪ್ಯಾಕೇಜ್‌ಗಳನ್ನೆಲ್ಲ ಮುಗಿಸು ಎಂದು ಅದರ ಅರ್ಥ. ನಾಲ್ಕು ನಿಮಿಷದಲ್ಲಿ ಎಲ್ಲ ಸರಿಹೋಯಿತು. ಹಿಂದಿನ ರಾತ್ರಿ ರೀಬೂಟ್ ಮಾಡುವ ಮೊದಲೇ ಆ ಸಾಲನ್ನು ಅಟ್ಟದ ಕಿಟಕಿಯಿಂದ ಹೊಡೆಯಬಹುದಿತ್ತು. ಹಾಗಾಗಿ ಮೊದಲ ನಿಯಮ, ಬಸ್ ಟಿಕೆಟ್ ಕೊಟ್ಟು ಕಲಿತದ್ದು: ಅಪ್‌ಡೇಟ್ ಅರ್ಧಕ್ಕೆ ನಿಂತಿದ್ದರೆ ಏನೇ ಆದರೂ ರೀಬೂಟ್ ಮಾಡಬೇಡಿ.

ಈಗ ಟಿಮಕ್ಸ್ ವಿಷಯ. ಈ ಬರಹದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಟಿಮಕ್ಸ್ ಎಂದರೆ ಸರ್ವರ್‌ನ ಒಳಗೇ ಓಡುವ ಟರ್ಮಿನಲ್. ನಿಮ್ಮ ಲ್ಯಾಪ್‌ಟಾಪ್‌ನ ಕಿಟಕಿ ಅದನ್ನು ಹೊರಗಿನಿಂದ ಇಣುಕಿ ನೋಡುತ್ತದೆ ಅಷ್ಟೆ. ಕಿಟಕಿ ಮುಚ್ಚಿಕೊಂಡರೆ ಒಳಗಿನ ಕೆಲಸಕ್ಕೆ ಗೊತ್ತೂ ಆಗುವುದಿಲ್ಲ. ಎಸ್‌ಎಸ್‌ಎಚ್ ಮಾಡಿ ಒಳಹೋದ ಕೂಡಲೇ, ಬೇರೆ ಏನನ್ನೂ ಹೊಡೆಯುವ ಮೊದಲು, ‘ಟಿಮಕ್ಸ್ ನ್ಯೂ ಹೈಫನ್ ಎಸ್’ ಎಂದು ಹೊಡೆದು ಮುಂದೆ ಒಂದು ಹೆಸರು ಕೊಡಿ. ನಾನು ‘ಮಳೆ’ ಎಂದು ಕೊಡುತ್ತೇನೆ. ಕೆಳಗೆ ಹಸಿರು ಪಟ್ಟಿ ಬಂದರೆ ನೀವು ಒಳಗಿದ್ದೀರಿ. ಅಪ್‌ಗ್ರೇಡ್ ಅಲ್ಲಿ ಶುರುಮಾಡಿ. ಬೇಕೆಂದೇ ಹೊರಬರಲು ಕಂಟ್ರೋಲ್ ಮತ್ತು ಬಿ ಒಟ್ಟಿಗೆ ಒತ್ತಿ, ಬಿಟ್ಟು, ಡಿ ಒತ್ತಿ. ಮರಳಿ ಸೇರಲು ‘ಟಿಮಕ್ಸ್ ಅಟ್ಯಾಚ್ ಹೈಫನ್ ಟಿ ಮಳೆ’. ಹಳಬರಿಗೆ ಸ್ಕ್ರೀನ್ ಎಂಬುದು ಅಭ್ಯಾಸವಾಗಿರುತ್ತದೆ, ಅದೂ ಇದೇ ಕೆಲಸ ಮಾಡುತ್ತದೆ, ಬದಲಿಸಲೇಬೇಕೆಂದಿಲ್ಲ.

ಕಳೆದ ಮಳೆಗಾಲದಲ್ಲಿ ಅದೇ ಮೈಸೂರಿನ ಸರ್ವರ್‌ಗೆ ಅಪ್‌ಡೇಟ್ ಹಾಕುತ್ತಿದ್ದೆ. ರಾತ್ರಿ ಹತ್ತೂ ಕಾಲಿಗೆ ತೋಟದ ಕೆಳಭಾಗದಲ್ಲಿ ಮರ ಮುರಿದ ಸದ್ದು ಕೇಳಿತು. ಮೊದಲು ಒಂದು ಬಿರುಕು, ಆಮೇಲೆ ಎಲೆಗಳ ಉದ್ದನೆಯ ಉಸಿರು, ಕೊನೆಗೆ ಧೊಪ್ ಎಂದು. ಪರದೆಯ ಮೇಲೆ ಒಂದು ಪ್ಯಾಕೇಜಿನ ಹೆಸರು ಅರ್ಧ ಮೂಡಿ ನಿಂತಿತು. ಅತ್ತೆ ಒಳಕೋಣೆಯಿಂದ “ಹೋಯಿತಾ?” ಎಂದು ಕೇಳಿದರು. ಹೋಯಿತು ಎಂದೆ. ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ. ಬೆಳಿಗ್ಗೆ ಆರಕ್ಕೆ ಅಟ್ಟದ ಕಿಟಕಿಯಿಂದ ಸೇರಿಕೊಂಡಾಗ ಅದೇ ಹಳೆಯ ಪ್ರಶ್ನೆ ಪರದೆಯ ನಡುವೆ ಕುಳಿತಿತ್ತು, ಕೊನೆಯಲ್ಲಿ ಕರ್ಸರ್ ಮಿಣುಕುತ್ತಿತ್ತು. ಎನ್ ಒತ್ತಿ ಎಂಟರ್ ಕೊಟ್ಟೆ. ರಾತ್ರಿ ಏನೂ ಆಗಿಲ್ಲವೇನೋ ಎಂಬಂತೆ ಮುಂದಿನ ಸಾಲು ಹೊರಟಿತು.

ಆ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಎನ್ ಎಂದರೆ ನಿಮ್ಮ ಹಳೆಯ ಫೈಲ್ ಉಳಿಯುತ್ತದೆ. ಎಸ್‌ಎಸ್‌ಎಚ್ ಮತ್ತು ನೆಟ್‌ವರ್ಕ್ ಫೈಲ್‌ಗಳ ಮಟ್ಟಿಗೆ ನಾನು ಯಾವಾಗಲೂ ಹಳೆಯದನ್ನೇ ಉಳಿಸುತ್ತೇನೆ. ಹೊಸ ಫೈಲ್‌ನಲ್ಲಿ ನೀವು ಬದಲಿಸಿಕೊಂಡಿದ್ದ ಪೋರ್ಟ್ ಸಂಖ್ಯೆ, ಅಂದರೆ ಎಸ್‌ಎಸ್‌ಎಚ್ ಒಳಬರುವ ಬಾಗಿಲಿನ ಸಂಖ್ಯೆ, ಇರುವುದಿಲ್ಲ, ಆಮೇಲೆ ಬಾಗಿಲನ್ನು ಹುಡುಕಬೇಕಾಗುತ್ತದೆ.

ಡೌನ್‌ಲೋಡ್ ಮತ್ತು ಇನ್‌ಸ್ಟಾಲ್ ಎರಡನ್ನೂ ಬೇರೆ ಮಾಡುವುದು ಇನ್ನೊಂದು ಅಭ್ಯಾಸ. ಇದು ದೂರದ ಸರ್ವರ್‌ಗಿಂತ ಊರಿನ ಯಂತ್ರಗಳಿಗೆ ಹೆಚ್ಚು ಬೇಕು. ಇಲ್ಲಿನ ಒಂದು ಶಾಲೆಯ ಕಂಪ್ಯೂಟರ್ ಕೋಣೆಗೆ ಬೆಳಗಿನ ಜಾವ ಮಾತ್ರ ಒಳ್ಳೆಯ ವೇಗ ಸಿಗುತ್ತದೆ. ‘ಎಪಿಟಿ ಹೈಫನ್ ಗೆಟ್ ಹೈಫನ್ ಡಿ ಅಪ್‌ಗ್ರೇಡ್’ ಎಂದರೆ ಪ್ಯಾಕೇಜ್‌ಗಳು ಇಳಿದು ಬಂದು ಡಿಸ್ಕಿನಲ್ಲಿ ಕೂರುತ್ತವೆ, ಏನೂ ಬದಲಾಗುವುದಿಲ್ಲ. ನಡುವೆ ಕಡಿದರೆ ಮತ್ತೆ ಹೊಡೆದರಾಯಿತು, ಪೂರ್ತಿ ಬಂದ ಫೈಲ್‌ಗಳನ್ನು ಮತ್ತೆ ಕೇಳುವುದಿಲ್ಲ. ಎಲ್ಲ ಬಂದ ಮೇಲೆ ಹಗಲಿನಲ್ಲಿ ‘ಹೈಫನ್ ಡಿ’ ಇಲ್ಲದೆ ಅದೇ ಕಮಾಂಡ್ ಕೊಡಿ. ಆ ಹೊತ್ತಿಗೆ ಇಂಟರ್‌ನೆಟ್ ಇರಲೇಬೇಕೆಂದಿಲ್ಲ. ಕರೆಂಟ್ ಮಾತ್ರ ಇರಬೇಕು.

ಇನ್ನು ಸಂಪರ್ಕವನ್ನು ಜೀವಂತವಾಗಿಡುವ ಮಾತು. ತಂತಿ ಕಡಿಯದೆಯೂ ಎಸ್‌ಎಸ್‌ಎಚ್ ಸಾಯುತ್ತದೆ. ಅಪ್‌ಡೇಟಿನಲ್ಲಿ ದೊಡ್ಡ ಪ್ಯಾಕೇಜ್ ಒಂದು ಹತ್ತು ನಿಮಿಷ ಸದ್ದಿಲ್ಲದೆ ಕೆಲಸ ಮಾಡುತ್ತದೆ ಎಂದುಕೊಳ್ಳಿ. ಆ ಹೊತ್ತು ತಂತಿಯಲ್ಲಿ ಏನೂ ಹರಿಯುವುದಿಲ್ಲ. ನಿಮ್ಮ ರೂಟರ್, ಅದರಾಚೆ ಸೇವೆ ಕೊಡುವವರ ಪೆಟ್ಟಿಗೆ, ಯಾವ ಮನೆಯ ಯಾವ ಸಂಪರ್ಕ ಎಲ್ಲಿಗೆ ಹೋಗುತ್ತದೆ ಎಂಬ ಪಟ್ಟಿಯನ್ನು ಇಟ್ಟುಕೊಂಡಿರುತ್ತವೆ. ಸುಮ್ಮನಿರುವ ಸಂಪರ್ಕವನ್ನು ಸ್ವಲ್ಪ ಹೊತ್ತಿನ ಮೇಲೆ ಪಟ್ಟಿಯಿಂದ ಅಳಿಸುತ್ತವೆ. ಎಸ್‌ಎಸ್‌ಎಚ್ ಬಳಸುವ ಟಿಸಿಪಿ ಬಗೆಯ ಸಂಪರ್ಕವನ್ನು ಕನಿಷ್ಠ 2 ಗಂಟೆ 4 ನಿಮಿಷ ಉಳಿಸಿಕೊಳ್ಳಬೇಕು ಎಂದು 2008ರ ಆರ್‌ಎಫ್‌ಸಿ 5382 ಎಂಬ ಇಂಟರ್‌ನೆಟ್ ನಿಯಮಪತ್ರ ಹೇಳುತ್ತದೆ. ಎಷ್ಟೋ ಪೆಟ್ಟಿಗೆಗಳು ಅದನ್ನು ಲೆಕ್ಕಕ್ಕಿಡುವುದಿಲ್ಲ. ನಮ್ಮಲ್ಲಿ ಮೊಬೈಲ್ ಹಾಟ್‌ಸ್ಪಾಟ್‌ನಿಂದ ಹೋದರೆ ಕೆಲವೇ ನಿಮಿಷಗಳಲ್ಲಿ ಅಳಿದಿರುತ್ತದೆ. ಲಿನಕ್ಸ್ ತಾನಾಗಿ ಕಳಿಸುವ ಕೀಪ್‌ಅಲೈವ್, ಸಂಪರ್ಕ ಬದುಕಿದೆಯೇ ಎಂದು ಕೇಳುವ ಸಣ್ಣ ಸಂದೇಶ, 7200 ಸೆಕೆಂಡಿಗೊಮ್ಮೆ, ಅಂದರೆ ಎರಡು ಗಂಟೆಗೊಮ್ಮೆ. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಆದ್ದರಿಂದ ನಿಮ್ಮ ಲ್ಯಾಪ್‌ಟಾಪ್‌ನ ಹೋಮ್ ಫೋಲ್ಡರಿನಲ್ಲಿ, ಡಾಟ್ ಎಸ್‌ಎಸ್‌ಎಚ್ ಎಂಬ ಅಡಗಿದ ಫೋಲ್ಡರಿನೊಳಗೆ, ಕಾನ್ಫಿಗ್ ಎಂಬ ಫೈಲ್ ತೆರೆದು ಎರಡು ಸಾಲು ಸೇರಿಸಿ. ‘ಸರ್ವರ್‌ಅಲೈವ್‌ಇಂಟರ್‌ವಲ್ 30’ ಮತ್ತು ‘ಸರ್ವರ್‌ಅಲೈವ್‌ಕೌಂಟ್‌ಮ್ಯಾಕ್ಸ್ 20’. ಹೆಸರುಗಳಲ್ಲಿ ನಡುವೆ ಜಾಗ ಬಿಡಬಾರದು, ಸಂಖ್ಯೆಗೆ ಮೊದಲು ಬಿಡಬೇಕು. ಮೊದಲನೆಯದು, ಪ್ರತಿ 30 ಸೆಕೆಂಡಿಗೆ ‘ಇದ್ದೀಯಾ’ ಎಂದು ಕೇಳು ಎನ್ನುತ್ತದೆ. ಎರಡನೆಯದು, ಎಷ್ಟು ಸಲ ಉತ್ತರ ಬಾರದಿದ್ದರೆ ಕೈಬಿಡಬೇಕು ಎನ್ನುತ್ತದೆ. ಹೆಚ್ಚಿನವರು ಮೊದಲನೆಯದನ್ನು ಮಾತ್ರ ಹಾಕಿ ಎರಡನೆಯದನ್ನು ಮರೆಯುತ್ತಾರೆ. ಅದು ತಾನಾಗಿ 3 ಇರುತ್ತದೆ. ಮೂವತ್ತು ಮೂರಲೆ ತೊಂಬತ್ತು ಸೆಕೆಂಡು. ಬೆಂಗಳೂರಿಗೆ ಅದು ಸಾಕು. ಇಲ್ಲಿ ಗಾಳಿಗೆ ತಂತಿ ಅಲುಗಿ ಎರಡು ನಿಮಿಷ ಹೋಗಿ ಬರುವುದು ದಿನವೂ ಇದೆ. ಎರಡನೆಯ ಸಾಲನ್ನು ಬಿಟ್ಟರೆ ನಾವೇ ಹಾಕಿದ ಕೀಪ್‌ಅಲೈವ್ ಬದುಕುತ್ತಿದ್ದ ಸಂಪರ್ಕವನ್ನು ಕೊಲ್ಲುತ್ತದೆ. 20 ಎಂದರೆ ಹತ್ತು ನಿಮಿಷದ ವಿರಾಮ ಸಿಗುತ್ತದೆ. ಅದಕ್ಕಿಂತ ತುಂಬಾ ಏರಿಸಿ ಪ್ರಯೋಜನವಿಲ್ಲ, ಕಳಿಸಿದ ಮಾಹಿತಿಗೆ ಉತ್ತರ ಬಾರದಿದ್ದರೆ ಲಿನಕ್ಸ್ ಸುಮಾರು 15 ನಿಮಿಷಕ್ಕೆ ತಾನೇ ಕೈಚೆಲ್ಲುತ್ತದೆ.

ಈ ಹತ್ತು ನಿಮಿಷ ಕೆಲಸಕ್ಕೆ ಬರಬೇಕಾದರೆ ತಂತಿ ಮರಳಿದಾಗ ನಿಮ್ಮ ಐಪಿ ವಿಳಾಸ ಹಳೆಯದೇ ಇರಬೇಕು. ಇಲ್ಲಿ ಇನ್ವರ್ಟರ್ ಕಥೆ ಬರುತ್ತದೆ. ಇನ್ವರ್ಟರ್ ಇದೆ, ನನಗೇನು ಭಯ ಎಂದು ನಾನೂ ಒಂದು ವರ್ಷ ಅಂದುಕೊಂಡಿದ್ದೆ. ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ಆ ಕಣ್ಣು ಮಿಟುಕಿಸುವ ಹೊತ್ತು ಬಲ್ಬಿಗೆ ಏನೂ ಅಲ್ಲ. ರೂಟರ್‌ಗೆ ಅಷ್ಟೇ ಸಾಕು, ಅದು ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಹೊಸ ವಿಳಾಸ ತರುತ್ತದೆ, ಹಳೆಯ ಪಟ್ಟಿಯನ್ನು ಮರೆಯುತ್ತದೆ. ಇನ್ವರ್ಟರ್ ಹಿಂಭಾಗದಲ್ಲಿ ಯುಪಿಎಸ್ ಎಂದು ಬರೆದ ಸ್ವಿಚ್ ಇದ್ದರೆ ಅತ್ತ ತಿರುಗಿಸಿ ನೋಡಿ. ನಮ್ಮದರಲ್ಲಿ ಅದೂ ಸಾಲಲಿಲ್ಲ. ಕೊನೆಗೆ 12 ವೋಲ್ಟಿನ ಸಣ್ಣ ರೂಟರ್ ಯುಪಿಎಸ್ ಕೊಂಡೆ, ಅಂಗೈಯಷ್ಟು ದೊಡ್ಡದು. ಕೊಳ್ಳುವ ಮೊದಲು ರೂಟರ್ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂದು ಓದಿಕೊಳ್ಳಿ. ಫೈಬರ್ ಪೆಟ್ಟಿಗೆ ಮತ್ತು ರೂಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಬೇಕು. ಒಂದಕ್ಕೆ ಮಾತ್ರ ಹಾಕಿ ಬೇಸ್ತುಬಿದ್ದವರು ನನ್ನ ಪರಿಚಯದಲ್ಲೇ ಮೂವರಿದ್ದಾರೆ.

ಫೈಬರ್‌ನಿಂದ ಮೊಬೈಲಿಗೆ, ಮೊಬೈಲಿನಿಂದ ಮತ್ತೆ ಫೈಬರ್‌ಗೆ ನೆಗೆಯುತ್ತಲೇ ಇರಬೇಕಾದವರಿಗೆ ಮಾಶ್ ಎಂಬ ಪ್ರೋಗ್ರಾಂ ಇದೆ, ಎಸ್‌ಎಸ್‌ಎಚ್‌ನ ಹಾಗೆಯೇ ದೂರದ ಯಂತ್ರಕ್ಕೆ ಹೋಗಲು. 2012ರಲ್ಲಿ ಎಂಐಟಿಯಿಂದ ಬಂದದ್ದು. ಲಾಗಿನ್ ಮಾತ್ರ ಎಸ್‌ಎಸ್‌ಎಚ್‌ನಲ್ಲಿ, ಆಮೇಲಿನದೆಲ್ಲ ಟಿಸಿಪಿಯ ಬದಲು ಯುಡಿಪಿ ಎಂಬ ಇನ್ನೊಂದು ಬಗೆಯಲ್ಲಿ. ವಿಳಾಸ ಬದಲಾದರೂ ಅದು ಹಿಡಿದ ಕೈ ಬಿಡುವುದಿಲ್ಲ. ಸರ್ವರ್‌ನಲ್ಲೂ ಹಾಕಿರಬೇಕು, ಫೈರ್‌ವಾಲ್‌ನಲ್ಲಿ 60000ದಿಂದ 61000 ವರೆಗಿನ ಯುಡಿಪಿ ಪೋರ್ಟ್‌ಗಳಲ್ಲಿ ಕೆಲವನ್ನಾದರೂ ತೆರೆದಿರಬೇಕು. ಗ್ರಾಹಕರ ಫೈರ್‌ವಾಲ್ ತೆರೆಸಲು ಪತ್ರ ಬರೆಯುವಷ್ಟು ತಾಳ್ಮೆ ನನಗಿಲ್ಲ, ಹಾಗಾಗಿ ನನ್ನ ಸ್ವಂತ ಸರ್ವರ್‌ಗೆ ಮಾತ್ರ ಬಳಸುತ್ತೇನೆ.

ಅಪ್‌ಡೇಟಿನಲ್ಲಿ ಎಸ್‌ಎಸ್‌ಎಚ್ ತಾನೇ ಬದಲಾಗುವ ದಿನ ಜನ ಹೆದರುತ್ತಾರೆ. ಕುಳಿತ ಕೊಂಬೆಯನ್ನೇ ಕಡಿದಂತೆ ಎಂದು. ನಿಜವಾಗಿ ಅಷ್ಟು ಅಪಾಯವಿಲ್ಲ. ಪ್ರತಿ ಲಾಗಿನ್ನಿಗೂ ಬೇರೆ ಪ್ರೊಸೆಸ್ ಇರುತ್ತದೆ. ಬಾಗಿಲು ಕಾಯುವ ಮುಖ್ಯ ಎಸ್‌ಎಸ್‌ಎಚ್‌ಡಿ ಹೊಸದಾಗಿ ಶುರುವಾದರೂ ಒಳಗಿರುವವರು ಒಳಗೇ ಇರುತ್ತಾರೆ. ಅಪಾಯ ಇರುವುದು ಹೊರಗೆ ಬಂದ ಮೇಲೆ. ಆದ್ದರಿಂದ ಇದ್ದ ಕಿಟಕಿಯನ್ನು ಮುಚ್ಚದೆ ‘ಎಸ್‌ಎಸ್‌ಎಚ್‌ಡಿ ಹೈಫನ್ ಟಿ’ ಹೊಡೆದು ಸೆಟ್ಟಿಂಗ್ ಸರಿಯಿದೆಯೇ ನೋಡಿ, ಸಾಲಿನ ಮೊದಲಿಗೆ ‘ಸುಡೊ’ ಇರಲಿ, ಆಡಳಿತಗಾರನ ಅಧಿಕಾರ ಕೊಡುವ ಪದ ಅದು. ಅದು ಏನೂ ಹೇಳದಿದ್ದರೆ ಸರಿಯಿದೆ ಎಂದರ್ಥ. ಆಮೇಲೆ ಎರಡನೆಯ ಕಿಟಕಿ ತೆರೆದು ಹೊಸದಾಗಿ ಲಾಗಿನ್ ಆಗಿ. ಅದು ಆದ ಮೇಲೆಯೇ ಮೊದಲನೆಯದನ್ನು ಬಿಡಿ. ಉಬುಂಟು 24.04ಕ್ಕೆ ಹೋದವರಿಗೆ ಒಂದು ಎಚ್ಚರಿಕೆ: ಅಲ್ಲಿ ಬಾಗಿಲು ಕಾಯುವುದು ಎಸ್‌ಎಸ್‌ಎಚ್ ಡಾಟ್ ಸಾಕೆಟ್. ಪೋರ್ಟ್ ಬದಲಿಸಿದರೆ ‘ಸಿಸ್ಟಮ್‌ಸಿಟಿಎಲ್ ಡೀಮನ್ ಹೈಫನ್ ರೀಲೋಡ್’ ಕೊಟ್ಟು ಆ ಸಾಕೆಟ್ಟನ್ನೇ ರೀಸ್ಟಾರ್ಟ್ ಮಾಡಬೇಕು.

ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಜಿಗಿಯುವ ‘ಡು ಹೈಫನ್ ರಿಲೀಸ್ ಹೈಫನ್ ಅಪ್‌ಗ್ರೇಡ್’ ಇದನ್ನೆಲ್ಲ ತಾನೇ ಯೋಚಿಸಿದೆ. ಎಸ್‌ಎಸ್‌ಎಚ್‌ನಿಂದ ಓಡಿಸುತ್ತಿದ್ದೀರಿ ಎಂದು ತಿಳಿದರೆ 1022ನೇ ಪೋರ್ಟಿನಲ್ಲಿ ಇನ್ನೊಂದು ಎಸ್‌ಎಸ್‌ಎಚ್‌ಡಿ ಶುರುಮಾಡಿಕೊಡುತ್ತದೆ. ಹಿತ್ತಿಲ ಬಾಗಿಲು ಎನ್ನಿ. ಫೈರ್‌ವಾಲ್‌ನಲ್ಲಿ ಅದನ್ನು ತೆರೆಯುವುದು ಮಾತ್ರ ನಿಮ್ಮ ಕೆಲಸ, ಮುಗಿದ ಮೇಲೆ ಮುಚ್ಚುವುದೂ.

ನೆಟ್‌ವರ್ಕ್ ಸೆಟ್ಟಿಂಗನ್ನೇ ಮುಟ್ಟಬೇಕಾಗಿ ಬಂದರೆ ಅದನ್ನು ನೋಡಿಕೊಳ್ಳುವ ನೆಟ್‌ಪ್ಲಾನ್ ಎಂಬ ಪ್ರೋಗ್ರಾಂ ಇರುವ ಯಂತ್ರಗಳಲ್ಲಿ ‘ನೆಟ್‌ಪ್ಲಾನ್ ಅಪ್ಲೈ’ ಬೇಡ, ‘ನೆಟ್‌ಪ್ಲಾನ್ ಟ್ರೈ’ ಕೊಡಿ. ಹೊಸ ಸೆಟ್ಟಿಂಗ್ ಹಾಕಿ 120 ಸೆಕೆಂಡು ಕಾಯುತ್ತದೆ. ನೀವು ಎಂಟರ್ ಒತ್ತದಿದ್ದರೆ, ಒತ್ತಲು ಸಂಪರ್ಕವೇ ಇಲ್ಲದಿದ್ದರೆ, ಹಳೆಯದಕ್ಕೆ ಮರಳುತ್ತದೆ. ಐಪಿಟೇಬಲ್ಸ್ ಫೈರ್‌ವಾಲ್‌ಗೆ ‘ಐಪಿಟೇಬಲ್ಸ್ ಹೈಫನ್ ಅಪ್ಲೈ’ ಅದೇ ಉಪಕಾರ ಮಾಡುತ್ತದೆ. ಇವೆರಡೂ ಇಲ್ಲದ ಕಡೆ, ಡಿಸ್ಕಿನಲ್ಲಿ ಏನನ್ನೂ ಉಳಿಸದೆ ಬದಲಾವಣೆ ಮಾಡುವ ಮೊದಲು ‘ಶಟ್‌ಡೌನ್ ಹೈಫನ್ ಆರ್ ಪ್ಲಸ್ 10’ ಹೊಡೆದಿಡುತ್ತೇನೆ. ಹತ್ತು ನಿಮಿಷದಲ್ಲಿ ಯಂತ್ರ ತಾನೇ ರೀಬೂಟ್ ಆಗಿ ಹಳೆಯ ಸೆಟ್ಟಿಂಗಿಗೆ ಬರುತ್ತದೆ. ಎಲ್ಲ ಸರಿಯಾದರೆ ‘ಶಟ್‌ಡೌನ್ ಹೈಫನ್ ಸಿ’ ಎಂದು ರದ್ದು ಮಾಡಲು ಮರೆಯಬೇಡಿ. ನಾನು ಒಮ್ಮೆ ಮರೆತು ಕಾಫಿ ಬೆರೆಸಲು ಎದ್ದು ಹೋಗಿದ್ದೆ. ಹಗಲು ಹನ್ನೊಂದು ಗಂಟೆ, ಬಿಲ್ಲಿಂಗ್ ನಡೆಯುವ ಹೊತ್ತು.

ಊರಿನ ಕಂಪ್ಯೂಟರ್‌ಗಳಲ್ಲಿ ಬೇರೆಯೇ ತೊಂದರೆ. ಸಿದ್ದಾಪುರದ ಕಡೆಯ ತೋಟದ ಕಚೇರಿಯೊಂದರಲ್ಲಿ ಯುಎಸ್‌ಬಿ ವೈಫೈ ತುಂಡು ಚುಚ್ಚಿಕೊಂಡ ಹಳೆಯ ಡೆಸ್ಕ್‌ಟಾಪ್ ಇದೆ. ಲಿನಕ್ಸಿನ ತಿರುಳಾದ ಕರ್ನಲ್ ಅಪ್‌ಡೇಟ್ ಆದ ಮರುದಿನ ವೈಫೈ ಮಾಯ. ಅಂಥ ತುಂಡುಗಳ ಡ್ರೈವರ್ ಎಷ್ಟೋ ಸಲ ಕರ್ನಲ್ ಒಳಗೆ ಇರುವುದಿಲ್ಲ, ಡಿಕೆಎಂಎಸ್ ಎಂಬುದು ಪ್ರತಿ ಹೊಸ ಕರ್ನಲ್‌ಗೂ ಅದನ್ನು ಹೊಸದಾಗಿ ಕಟ್ಟಬೇಕು. ಕಟ್ಟಲು ಆ ಕರ್ನಲ್‌ನ ಹೆಡರ್ ಪ್ಯಾಕೇಜ್ ಬೇಕು. ಅದನ್ನು ಇಳಿಸಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ವೈಫೈ ಬೇಕು. ಈ ಗಾಣದಿಂದ ಹೊರಬರಲು ಎರಡು ದಾರಿ. ಫೋನನ್ನು ಚಾರ್ಜಿಂಗ್ ಕೇಬಲಿನಲ್ಲಿ ಕಂಪ್ಯೂಟರಿಗೆ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಅದರ ಡ್ರೈವರ್ ಕರ್ನಲ್ ಜೊತೆಗೇ ಬಂದಿರುತ್ತದೆ. ಫೋನಿಗೆ ಸಿಗ್ನಲ್ ಇಲ್ಲದಿದ್ದರೆ ರೀಬೂಟ್ ಮಾಡಿ, ಯಂತ್ರ ಶುರುವಾಗುವಾಗ ಬರುವ ಗ್ರಬ್ ಪಟ್ಟಿಯ ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒಳಗೆ ಹಳೆಯ ಕರ್ನಲ್ ಆರಿಸಿ, ವೈಫೈ ಅಲ್ಲಿ ಬದುಕಿರುತ್ತದೆ. ಆ ಕಾರಣಕ್ಕೇ ಡಿಸ್ಕ್ ತುಂಬಿತೆಂದು ಹಳೆಯ ಕರ್ನಲ್‌ಗಳನ್ನೆಲ್ಲ ಕೈಯಾರೆ ಗುಡಿಸಿಹಾಕಬೇಡಿ.

ರೂಟರ್‌ನ ಫರ್ಮ್‌ವೇರ್, ಅಂದರೆ ಅದರೊಳಗಿನ ಮೂಲ ತಂತ್ರಾಂಶದ, ಅಪ್‌ಡೇಟ್ ಬಗ್ಗೆ ಒಂದೇ ಮಾತು: ಮಳೆ ಬರುವ ದಿನ ಬೇಡ. ಬರೆಯುವ ನಡುವೆ ಕರೆಂಟ್ ಹೋದರೆ ಟಿಮಕ್ಸೂ ಉಳಿಸುವುದಿಲ್ಲ, ಬಸ್ಸೂ ಉಳಿಸುವುದಿಲ್ಲ.

ಕೊನೆಗೆ ರೀಬೂಟ್. ಟಿಮಕ್ಸ್, ಮಾಶ್ ಎರಡೂ ಇಲ್ಲಿ ಸಾಯುತ್ತವೆ, ಆದ್ದರಿಂದ ಇದನ್ನು ಬೇರೆಯೇ ಕೆಲಸವೆಂದು ಇಟ್ಟುಕೊಳ್ಳಿ. ನಾನು ಅಪ್‌ಡೇಟನ್ನು ರಾತ್ರಿ ಮಾಡಿದರೂ ರೀಬೂಟನ್ನು ಬೆಳಿಗ್ಗೆ, ಎದುರು ಕಡೆಯಲ್ಲಿ ಕಚೇರಿಯ ಬೀಗದ ಕೈ ಇರುವವರು ಬಂದ ಮೇಲೆ, ಬಿಲ್ಲಿಂಗ್ ಶುರುವಾಗುವ ಮೊದಲು ಮಾಡುತ್ತೇನೆ. ನಾಪೋಕ್ಲು ಬಳಿಯ ಚೆರಿಯಪರಂಬಿನಲ್ಲಿ ಕಾವೇರಿ ರಸ್ತೆಗೆ ಬಂದ ದಿನ ಮಾಡುವುದಿಲ್ಲ, ಏನಾದರೂ ಆದರೆ ಹೊರಡಲು ದಾರಿ ಇರಬೇಕು. ಮೊದಲು ‘ಡಿಪಿಕೆಜಿ ಹೈಫನ್ ಹೈಫನ್ ಆಡಿಟ್’ ಹೊಡೆದು ಅರ್ಧಕ್ಕೆ ನಿಂತದ್ದು ಏನೂ ಇಲ್ಲವೆಂದು ನೋಡಿಕೊಳ್ಳುತ್ತೇನೆ. ‘ಐಪಿ ಎ’ ಹೊಡೆದು ನೆಟ್‌ವರ್ಕ್ ಕಾರ್ಡಿನ ಹೆಸರನ್ನು ಕಾಗದದ ಮೇಲೆ ಬರೆದುಕೊಳ್ಳುತ್ತೇನೆ. ದೊಡ್ಡ ಅಪ್‌ಗ್ರೇಡ್ ಆದ ಮೇಲೆ ಈ ಹೆಸರು ಬದಲಾಗಿ ಸೆಟ್ಟಿಂಗ್ ಫೈಲ್ ಹಳೆಯ ಹೆಸರನ್ನೇ ಹುಡುಕುತ್ತಾ ಕೂರುವುದುಂಟು.

ರೀಬೂಟ್ ಕೊಟ್ಟ ಮೇಲೆ ಇನ್ನೊಂದು ಕಿಟಕಿಯಲ್ಲಿ, ಯಂತ್ರ ಉತ್ತರಿಸುತ್ತಿದೆಯೇ ಎಂದು ನೋಡುವ ಪಿಂಗ್ ಓಡಿಸಿ ಗಡಿಯಾರ ನೋಡುತ್ತೇನೆ. ಹಳೆಯ ಸರ್ವರ್‌ಗಳು ಮೇಲೇಳಲು ಐದಾರು ನಿಮಿಷ ತೆಗೆದುಕೊಳ್ಳುತ್ತವೆ, ಡಿಸ್ಕ್ ಪರಿಶೀಲನೆಗೆ ತೊಡಗಿದರೆ ಇನ್ನೂ ಹೆಚ್ಚು. ಹದಿನೈದು ನಿಮಿಷದವರೆಗೆ ಯಾರಿಗೂ ಫೋನ್ ಮಾಡುವುದಿಲ್ಲ. ಮಾಡಿದಾಗಲೂ ‘ಆಫ್ ಮಾಡಿ ಆನ್ ಮಾಡಿ’ ಎಂದು ಬಾಯಿಂದ ಬರದಂತೆ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಮಾನಿಟರ್‌ನ ಸ್ವಿಚ್ ಹಾಕಿಸಿ, ಕೊನೆಯ ಸಾಲನ್ನು ಒಂದೊಂದೇ ಅಕ್ಷರವಾಗಿ ಓದಿ ಎಂದು ಕೇಳುತ್ತೇನೆ. ಮೈಸೂರಿನ ಆ ಅಟೆಂಡರ್ ಈಗ ನಾನು ಕೇಳುವ ಮೊದಲೇ ಅದರ ಫೋಟೊ ಕಳಿಸುತ್ತಾರೆ.